ಶಾಲು, ಪೇಟ ಸಾಕಿನ್ನು

ಊರಿನ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳಲ್ಲಿ ಸಾಧಕರನ್ನು ಹೇಗೆ ಗೌರವಿಸುವುದೆಂದು ಕೇಳಿದ್ದೀರಿ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲರ ಮನೆಯಲ್ಲೂ ರಾಶಿ ಬಿದ್ದಿವೆ. ನಾವು ದಾಖಲಾತಿ ಪುಸ್ತಕದಲ್ಲಿ ಅವರ ಹೆಸರಿದ್ದ ಪುಟದ ನಕಲು ತೆಗೆಸಿ, ಚೌಕಟ್ಟು ಹಾಕಿಸಿ ಕೊಟ್ಟೆವು. ನಿವೃತ್ತ ಇಂಜಿನಿಯರೊಬ್ಬರು ಅದರಲ್ಲಿದ್ದ ತಂದೆಯ ಹೆಬ್ಬೆಟ್ಟಿನ ಗುರುತು ನೋಡುತ್ತ ಭಾಷಣವನ್ನೇ ಮರೆತರು.

ತೀರಿಹೋದವರನ್ನು ಬಿಡಬೇಡಿ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಯು. ಆರ್. ರಾವ್ ಅವರು 1975ರ ಆರ್ಯಭಟ ಉಪಗ್ರಹದ ತಂಡವನ್ನು ಮುನ್ನಡೆಸಿದರು. ನಿಮ್ಮಲ್ಲೂ ಅಂಥವರಿದ್ದರೆ ಪ್ರಯೋಗಾಲಯಕ್ಕೆ ಅವರ ಹೆಸರಿಡಿ, ಮಕ್ಕಳು ದಿನವೂ ಓದುತ್ತಾರೆ. ಫಲಕದಲ್ಲಿ ಮಾತ್ರ ದಾನಿಗಳ ಹೆಸರು ಸಾಧಕರ ಹೆಸರಿಗಿಂತ ದಪ್ಪಕ್ಷರದಲ್ಲಿ ಬಾರದಂತೆ ಮೊದಲೇ ನೋಡಿಕೊಳ್ಳಿ. ನಮ್ಮಲ್ಲಿ ಬಂದಿತ್ತು, ಬದಲಿಸಲು ಒಂದು ವರ್ಷ ಜಗಳವಾಡಿದೆವು.