ಕಲ್ಯಾಣದಲ್ಲಿ ಟೊಮೆಟೊ ಸಾರು?

ಪ್ರಶ್ನೆ: 12ನೇ ಶತಮಾನದ ಕಲ್ಯಾಣದ ಬಗ್ಗೆ ವೆಬ್‌ಕಾಮಿಕ್ ಬಿಡಿಸುತ್ತಿದ್ದೇನೆ. ಆಧಾರಕ್ಕೆಂದು ಓದಿದ ಕಾದಂಬರಿಯಲ್ಲಿ ಟೊಮೆಟೊ ಸಾರು ಕಂಡು ನಿರಾಸೆಯಾಯಿತು. ಏನನ್ನು ನಂಬಲಿ? ಫೋನಿನಲ್ಲಿ ಒತ್ತಕ್ಷರಗಳೂ ಕಲಸಿಹೋಗುತ್ತಿವೆ.

ಉತ್ತರ: ನಿರಾಸೆ ನ್ಯಾಯವಾದದ್ದೇ. ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಬಂದ ಮೇಲಷ್ಟೇ ಇಲ್ಲಿಗೆ ತಲುಪಿದವು. ಖಾರಕ್ಕೆ ಕಾಳುಮೆಣಸು, ಶುಂಠಿ ಇರಲಿ. ಒಡವೆ, ಕೇಶಾಲಂಕಾರಕ್ಕೆ ಕಾದಂಬರಿ ಬಿಟ್ಟು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿರುವ 1112ರ ಮಹಾದೇವ ದೇವಾಲಯದ ಶಿಲ್ಪಗಳನ್ನು ನೋಡಿ. (ದೇವತೆಯ ಕಿರೀಟವನ್ನು ಸಂತೆಯ ವ್ಯಾಪಾರಿಗೆ ತೊಡಿಸಬೇಡಿ, ಅಷ್ಟೆ!)

ಇನ್ನು ಫೋನಿನ ಒತ್ತಕ್ಷರಗಳ ವಿಷಯ: ಚಿತ್ರವನ್ನು 1600 ಪಿಕ್ಸೆಲ್ ಅಗಲದಲ್ಲಿ ಬಿಡಿಸಿ 800ಕ್ಕೆ ಇಳಿಸಿ. ಇಳಿಸಿದ ಮೇಲೂ ಅಕ್ಷರ 30 ಪಿಕ್ಸೆಲ್ ಇರಬೇಕು. ಇಂಗ್ಲಿಷಿಗೆ ಸಾಲುವ ಅಂತರದಲ್ಲಿ ನಮ್ಮ ಒತ್ತು ಕೆಳಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ.