ಓದುಗರ ಪ್ರಶ್ನೆ: ಮಳೆ, ಹಿಮ ಮತ್ತು ಮೈಕ್ರೋವೇವ್

ಪ್ರಶ್ನೆ: ನಮ್ಮ ಎರಡು ಕಟ್ಟಡಗಳ ನಡುವೆ 18 ಗಿಗಾಹರ್ಟ್ಜ್ ಲಿಂಕ್ ಇದೆ, ದೂರ 4 ಕಿ.ಮೀ. ಜೋರು ಮಳೆಯಲ್ಲಿ ಹಾರಿಜಾಂಟಲ್ ಚಾನೆಲ್ ಮೊದಲು ಬೀಳುತ್ತದೆ, ವರ್ಟಿಕಲ್ ತಡೆದುಕೊಳ್ಳುತ್ತದೆ. ಆಂಟೆನಾ ಕೆಟ್ಟಿದೆಯೇ?
– ಓದುಗರು, ಚಿಂಚ್‌ವಾಡ್, ಪುಣೆ

ಉತ್ತರ: ಆಂಟೆನಾ ಅಲ್ಲ, ಹನಿಯ ಆಕಾರ. 1 ಮಿ.ಮೀ. ಒಳಗಿನ ಹನಿ ಗುಂಡಗಿರುತ್ತದೆ. ದಪ್ಪವಾದಂತೆ ಎದುರುಗಾಳಿಗೆ ತಳ ಚಪ್ಪಟೆಯಾಗಿ ಇಡ್ಲಿಯಂತೆ ಅಗಲವಾಗುತ್ತದೆ. ಹಾಗಾಗಿ ಅಡ್ಡಡ್ಡ ಕಂಪಿಸುವ ಹಾರಿಜಾಂಟಲ್ ತರಂಗ, ಮೇಲೆ-ಕೆಳಗೆ ಕಂಪಿಸುವ ವರ್ಟಿಕಲ್‌ಗಿಂತ ಹೆಚ್ಚು ಸೊರಗುತ್ತದೆ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸೂತ್ರದಂತೆ, ಗಂಟೆಗೆ 100 ಮಿ.ಮೀ. ಮಳೆಯಲ್ಲಿ ಹಾರಿಜಾಂಟಲ್‌ಗೆ ಕಿ.ಮೀ.ಗೆ ಸುಮಾರು 10 ಡಿಬಿ (ಡೆಸಿಬೆಲ್) ನಷ್ಟ, ವರ್ಟಿಕಲ್‌ಗೆ 8ರ ಆಸುಪಾಸು. ದಾರಿಯುದ್ದಕ್ಕೂ ಅದೇ ಮಳೆ ಸುರಿದರೆ ನಿಮ್ಮಲ್ಲಿ 8–10 ಡಿಬಿ ಅಂತರ. ಒಂದೇ ಪೋಲರೈಸೇಷನ್ (ತರಂಗದ ಕಂಪನದ ದಿಕ್ಕು) ಸಾಕಿದ್ದರೆ ವರ್ಟಿಕಲ್ ಇಡಿ. ಪರವಾನಗಿಯಲ್ಲಿ ಏನಿದೆ ಎಂದೂ ನೋಡಿ.

ಎರಡನ್ನೂ ಒಂದೇ ಫ್ರೀಕ್ವೆನ್ಸಿಯಲ್ಲಿ ಓಡಿಸುತ್ತಿದ್ದರೆ ಇನ್ನೊಂದು ತಲೆನೋವು: ಗಾಳಿಗೆ ಹನಿ ವಾಲಿ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಒಣ ದಿನದಲ್ಲೇ ಎಕ್ಸ್‌ಪಿಡಿ (ಎರಡು ಪೋಲರೈಸೇಷನ್ ಎಷ್ಟು ಬೇರೆಯಾಗಿ ಉಳಿದಿವೆ ಎಂಬ ಅಳತೆ) 25–30 ಡಿಬಿ ಬರದಿದ್ದರೆ ಮಳೆಯನ್ನು ಬೈದು ಫಲವಿಲ್ಲ, ಆಂಟೆನಾದ ಫೀಡ್ (ಸಿಗ್ನಲ್ ಬಿಡುವ-ಹಿಡಿಯುವ ಭಾಗ) ತಿರುವು ಸರಿಯಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ: ಮುಖ್ಯ ಸಿಗ್ನಲ್ ಗರಿಷ್ಠವಾಗುವಂತೆ ತಿರುಗಿಸುತ್ತಾರೆ. 5 ಡಿಗ್ರಿ ತಪ್ಪಿದರೂ ಅದು 0.03 ಡಿಬಿಯಷ್ಟೇ ಇಳಿಯುತ್ತದೆ, ಮೀಟರಿಗೆ ಗೊತ್ತೇ ಆಗದು. ಎಕ್ಸ್‌ಪಿಡಿ ಮಾತ್ರ 21ಕ್ಕೆ ಕುಸಿದಿರುತ್ತದೆ. ವಿರುದ್ಧ ಪೋಲರೈಸೇಷನ್‌ನ ಸಿಗ್ನಲ್ ಕನಿಷ್ಠವಾಗುವ ಜಾಗ ಹುಡುಕಿ ಬೋಲ್ಟ್ ಬಿಗಿಯಿರಿ.

ಪ್ರಶ್ನೆ: ಮಳೆ ಬಂದರೆ ಟಿವಿಯಲ್ಲಿ ಅರ್ಧ ಚಾನೆಲ್ ಮಾತ್ರ ಮಾಯ. ಇದೂ ಪೋಲರೈಸೇಷನ್ ಕಾಟವೇ?
– ಓದುಗರು, ಡೊಂಬಿವಲಿ

ಉತ್ತರ: ಹೌದು, ಆದರೆ ತಪ್ಪು ಹನಿಯದಲ್ಲ. 83 ಡಿಗ್ರಿ ಪೂರ್ವದ ಉಪಗ್ರಹಕ್ಕೆ ನಿಮ್ಮ ಡಿಶ್ ಸುಮಾರು 65 ಡಿಗ್ರಿ ಮೇಲಕ್ಕೆ ನೋಡುತ್ತದೆ. ಬುಡದಿಂದ ನೋಡಿದರೆ ಚಪ್ಪಟೆ ಹನಿಯೂ ಹೆಚ್ಚುಕಡಿಮೆ ಗುಂಡಗೇ ಕಾಣುವುದರಿಂದ ಎರಡಕ್ಕೂ ನಷ್ಟ ಬಹುತೇಕ ಸಮ. ಅನುಮಾನ ಕನೆಕ್ಟರ್ ಮೇಲೆ. ಬಾಕ್ಸ್ 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ (ಡಿಶ್ ಮುಂದಿನ ರಿಸೀವರ್) ವರ್ಟಿಕಲ್, 18 ಕೊಟ್ಟರೆ ಹಾರಿಜಾಂಟಲ್ ಹಿಡಿಯುತ್ತದೆ. ನೀರಿಳಿದು ತುಕ್ಕು ಹಿಡಿದ ಎಫ್ ಕನೆಕ್ಟರ್‌ನಲ್ಲಿ 20 ಓಮ್ ಸೇರಿದರೆ 150 ಮಿಲಿಆಂಪ್‌ಗೆ 3 ವೋಲ್ಟ್ ಹೋಯಿತು. 18ರ ಬದಲು ಸಿಗುವ 15 ವೋಲ್ಟಿನಲ್ಲಿ ಎಲ್‌ಎನ್‌ಬಿ ವರ್ಟಿಕಲ್‌ಗೇ ಅಂಟಿಕೊಳ್ಳಬಹುದು, ಹಾರಿಜಾಂಟಲ್ ಚಾನೆಲ್‌ಗಳು ಮಾಯ. ಕೇಬಲ್ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಸೆಲ್ಫ್ ಬಾಂಡಿಂಗ್ ಟೇಪ್ ಸುತ್ತಿ, ಎಲ್‌ಎನ್‌ಬಿ ಹತ್ತಿರ ಕೇಬಲನ್ನು ಕೆಳಕ್ಕೆ ಬಾಗಿಸಿ ಬಿಡಿ.

ಪ್ರಶ್ನೆ: ಹಿಮಕ್ಕೂ ಇದೇ ಲೆಕ್ಕವೇ?
– ವಿದ್ಯಾರ್ಥಿ, ಮಡಗಾಂವ್

ಉತ್ತರ: ಅಲ್ಲ. ಒಣ ಹಿಮ ಮೈಕ್ರೋವೇವನ್ನು ಹೀರುವುದೇ ಕಡಿಮೆ. ಆದರೆ ಚಪ್ಪಟೆ ಹರಳುಗಳು ಅಡ್ಡ, ಲಂಬ ಅಂಶಗಳ ಫೇಸ್ (ಅಲೆಯ ಏರಿಳಿತದ ಹೊಂದಿಕೆ) ಬದಲಿಸುವುದರಿಂದ, ಸಿಗ್ನಲ್ ಮಟ್ಟ ಇಳಿಯದೆಯೂ ಪೋಲರೈಸೇಷನ್ ಕೆಡುತ್ತದೆ. ಕರಗುತ್ತಿರುವ ಒದ್ದೆ ಹಿಮವಾದರೆ ನಷ್ಟವೂ ಜೋರು. ಗೋವಾದ ಮುಂಗಾರಿನಲ್ಲೂ ಸುಮಾರು 5 ಕಿ.ಮೀ. ಮೇಲೆ ಮೋಡದಲ್ಲಿ ಮಂಜುಗಡ್ಡೆಯೇ ಇರುತ್ತದೆ. ಟವರ್ ಲಿಂಕ್‌ಗೆ ಅದು ತಾಗದು, ಉಪಗ್ರಹ ಲಿಂಕ್ ಅದನ್ನು ದಾಟಿಯೇ ಬರಬೇಕು. ಗುಡುಗು ಮೋಡದ ವಿದ್ಯುತ್ ಕ್ಷೇತ್ರ ಹರಳುಗಳನ್ನು ಒಂದೇ ದಿಕ್ಕಿಗೆ ಜೋಡಿಸಿರುತ್ತದೆ. ಮಿಂಚು ಹೊಡೆದೊಡನೆ ಅವು ತಿರುಗಿಕೊಂಡು ಎಕ್ಸ್‌ಪಿಡಿ ಥಟ್ಟನೆ ಬದಲಾಗುವುದೂ ಉಂಟು.