ಬಾಗ್ದಾದ್‌ನವ್ರು ಬರೀ ಅನುವಾದ ಮಾಡಿದ್ರಾ?

ಪ್ರಶ್ನೆ: ಸರ್, ಮಧ್ಯಯುಗದ ಮುಸ್ಲಿಂ ವಿದ್ವಾಂಸರು ಗ್ರೀಕ್ ಪುಸ್ತಕಗಳನ್ನ ಅರಬ್ಬಿಗೆ ಅನುವಾದ ಮಾಡಿ ಜೋಪಾನವಾಗಿ ಇಟ್ಕೊಂಡಿದ್ರು, ಆಮೇಲೆ ಅವು ಯುರೋಪಿಗೆ ಹೋದ್ವು ಅಂತ ಓದಿದ್ದೀನಿ. ಅವರದ್ದು ಅಂತ ಸ್ವಂತದ್ದೇನೂ ಇಲ್ವಾ?

ಉತ್ತರ: ಇದೆ, ಬೇಕಾದಷ್ಟಿದೆ. ಈ ‘ಜೋಪಾನ ಮಾಡಿದ್ರು’ ಅನ್ನೋ ಮಾತು ಓದಿದಾಗೆಲ್ಲ ನಂಗೆ ಬೇಜಾರಾಗುತ್ತೆ. ಮೊದಲು ಆ ಅನುವಾದದ ಕೆಲಸಾನೇ ನೋಡಿ. 9ನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಅಂತ ಒಬ್ಬ ವೈದ್ಯ ಇದ್ದ, ಧರ್ಮದಲ್ಲಿ ಕ್ರೈಸ್ತ, ಹಳೇ ಕಾಲದ ಗ್ರೀಕ್ ವೈದ್ಯ ಗೇಲನ್‌ನ ವೈದ್ಯಗ್ರಂಥಗಳನ್ನ ಸಿರಿಯಾಕ್ ಅನ್ನೋ ಭಾಷೆಗೂ ಅರಬ್ಬಿಗೂ ತಂದೋನು, ಯಾವುದೋ ಒಂದು ಹಸ್ತಪ್ರತಿ ಸಿಕ್ತು ಅಂತ ಶುರು ಹಚ್ಕೊಳ್ತಿರ್ಲಿಲ್ಲ, ಸಿಕ್ಕಷ್ಟು ಪ್ರತಿ ಕಲೆಹಾಕಿ, ತಾಳೆ ನೋಡಿ, ತಪ್ಪು ತಿದ್ದಿ ಆಮೇಲೇ ಅನುವಾದಕ್ಕೆ ಕೈ ಹಾಕ್ತಿದ್ದ. ಗೇಲನ್‌ನ ಒಂದೇ ಒಂದು ಪುಸ್ತಕಕ್ಕೋಸ್ಕರ ಸಿರಿಯಾ, ಪ್ಯಾಲೆಸ್ಟೈನ್, ಈಜಿಪ್ಟ್ ಎಲ್ಲಾ ಸುತ್ತಿ ಡಮಾಸ್ಕಸ್‌ನಲ್ಲಿ ಅರ್ಧದಷ್ಟು ಸಿಕ್ತು ಅಂತ ಆತನೇ ಬರೆದಿಟ್ಟಿದ್ದಾನೆ.

ಗ್ರೀಕ್ ಒಂದೇ ಅಲ್ಲ, ಭಾರತದ ಖಗೋಳ ಗಣಿತಾನೂ 8ನೇ ಶತಮಾನದಲ್ಲೇ ಖಲೀಫರ ರಾಜಧಾನಿ ಬಾಗ್ದಾದ್‌ಗೆ ಹೋಗಿತ್ತು. ಅಲ್ಲಿನ ಗಣಿತಜ್ಞ ಅಲ್ ಖ್ವಾರಿಜ್ಮಿ ನಮ್ಮ ಅಂಕಿಗಳ ಬಗ್ಗೆ ಪುಸ್ತಕ ಬರೆದ, ಬೀಜಗಣಿತಾನ ಒಂದು ಶಾಸ್ತ್ರದ ಥರ ಕಟ್ಟಿಕೊಟ್ಟ, ಅದೇ ಪುಸ್ತಕದಲ್ಲಿ ಸತ್ತವರ ಆಸ್ತಿ ಪಾಲು ಮಾಡೋ ಲೆಕ್ಕಗಳೂ ರಾಶಿ ಇದಾವೆ. ಅಂದ್ರೆ ವಿದ್ಯೆ ಜನರ ವ್ಯವಹಾರಕ್ಕೂ ಬೇಕಿತ್ತು. ಇದಕ್ಕೆಲ್ಲ ಖಲೀಫರ, ಶ್ರೀಮಂತರ ದುಡ್ಡಿತ್ತು ನಿಜ, ಆದ್ರೆ ನನ್ನ ಪ್ರಕಾರ ಕಾಗದಕ್ಕೂ ಅಷ್ಟೇ ಪಾಲು ಕೊಡ್ಬೇಕು. 8ನೇ ಶತಮಾನ ಮುಗಿಯೋ ಹೊತ್ತಿಗೆ ಬಾಗ್ದಾದ್‌ನಲ್ಲೇ ಕಾಗದ ತಯಾರಾಗ್ತಿತ್ತು, ಚರ್ಮದ ಹಾಳೆಗಿಂತ ಅಗ್ಗ, ಹಾಗಾಗಿ ಪುಸ್ತಕ ನಕಲು ಮಾಡಿ ಮಾರೋದೇ ಒಂದು ಕಸುಬಾಯ್ತು. ಇಬ್ನ್ ಅಲ್ ನದೀಮ್ ಅನ್ನೋ ಪುಸ್ತಕ ವ್ಯಾಪಾರಿ 987ರಲ್ಲಿ ಅರಬ್ಬಿಯಲ್ಲಿರೋ ಪುಸ್ತಕಗಳದ್ದೇ ಒಂದು ದೊಡ್ಡ ಪಟ್ಟಿ ಬರೆದ, ಅದರಲ್ಲಿರೋ ಎಷ್ಟೋ ಪುಸ್ತಕಗಳ ಹೆಸರು ಬಿಟ್ರೆ ಇವತ್ತು ಏನೂ ಉಳಿದಿಲ್ಲ, ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಇನ್ನು ಸ್ವಂತದ್ದು ಅಂದ್ರಲ್ಲ, ಇಬ್ನ್ ಅಲ್ ಹೈಥಮ್ ಅನ್ನೋ ವಿಜ್ಞಾನಿನ ನೋಡಿ. ಕಣ್ಣಿಂದ ಕಿರಣ ಹೊರಟು ವಸ್ತುವನ್ನ ಮುಟ್ಟಿದಾಗ ನಮಗೆ ಕಾಣುತ್ತೆ ಅಂತ ಗ್ರೀಕ್ ಪಂಡಿತರಾದ ಯೂಕ್ಲಿಡ್, ಟಾಲೆಮಿ ಹೇಳಿದ್ರು. ಇವನು ಅದನ್ನ ಒಪ್ಪಲಿಲ್ಲ, ಬೆಳಕು ವಸ್ತುವಿಂದ ಕಣ್ಣಿಗೆ ಬರುತ್ತೆ ಅಂದ, ಕತ್ತಲೆ ಕೋಣೆಗೆ ಸಣ್ಣ ತೂತಿಂದ ಬೆಳಕು ಬಿಟ್ಟು ಪ್ರಯೋಗ ಮಾಡಿದ, ಸಾಲದ್ದಕ್ಕೆ ಟಾಲೆಮಿಯ ಖಗೋಳದಲ್ಲಿ ಎಲ್ಲೆಲ್ಲಿ ಹೊಂದಲ್ಲ ಅಂತ ಬೇರೆ ಒಂದು ಪುಸ್ತಕಾನೇ ಬರೆದ. ಬರೀ ಜೋಪಾನ ಮಾಡೋರು ಹೀಗೆ ಜಗಳಕ್ಕೆ ನಿಲ್ತಾರಾ? ಆತ ಸತ್ತು 500 ವರ್ಷ ಕಳೆದ ಮೇಲೂ, 1572ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆತನ ದೃಗ್ವಿಜ್ಞಾನದ ಪುಸ್ತಕಾನ ಲ್ಯಾಟಿನ್‌ನಲ್ಲಿ ಅಚ್ಚು ಹಾಕಿದ್ರು.